ಅಂಗಡಿಯ ದಾರಿ ಫೋನಿನಲ್ಲೂ ಸರಿಯಿರಲಿ: ಗೂಗಲ್‌ನಲ್ಲಿ ನಿಮ್ಮ ವ್ಯಾಪಾರದ ಪುಟ ಸುಧಾರಿಸುವ ಸಮಗ್ರ ಮಾರ್ಗದರ್ಶಿ

ಧಾರವಾಡದ ಸಪ್ತಾಪುರದ ಕಡೆ ನಮ್ಮ ಮೌಶಿ, ಅಂದರೆ ಅವ್ವನ ತಂಗಿ, ಒಂದು ಖಾನಾವಳಿ ನಡೆಸುತ್ತಾಳೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಕೋಚಿಂಗ್‌ಗೆಂದು ಊರು ಬಿಟ್ಟು ಬಂದ ಹುಡುಗರೇ ಹೆಚ್ಚಿನ ಗಿರಾಕಿಗಳು. ಒಂದು ಮಧ್ಯಾಹ್ನ ಆಕೆ ನನಗೆ ಫೋನ್ ಮಾಡಿ, "ಊಟಕ್ಕ ಬರೋ ಮಂದಿ ಹಿಂದಿನ ಓಣ್ಯಾಗ ನಿಂತು ಫೋನ್ ಮಾಡಾಕತ್ತಾರ ನೋಡಪಾ. ಮ್ಯಾಪಿನ್ಯಾಗ ಅಲ್ಲೇ ಐತಿ ಅಂತಾರ" ಅಂದಳು.

ಹೋಗಿ ನೋಡಿದೆ. ಯಾರೋ ಎಂದೋ ಗೂಗಲ್ ಮ್ಯಾಪ್ಸ್‌ಗೆ ಖಾನಾವಳಿಯನ್ನು ಸೇರಿಸಿದ್ದರು. ಮ್ಯಾಪಿನಲ್ಲಿ ಜಾಗ ತೋರಿಸುವ ಗುರುತು, ಅಂದರೆ ಪಿನ್, ಹಿಂದಿನ ಓಣಿಯಲ್ಲಿತ್ತು, ಫೋನ್ ನಂಬರು ಹಳೆಯದು, ಸಮಯ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರವರೆಗೆ ಎಂದಿತ್ತು. ಮೌಶಿ ಮಧ್ಯಾಹ್ನ ಮೂರೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಏಳೂವರೆಗೆ. ನಾಲ್ಕು ಗಂಟೆಗೆ ಹಸಿದು ಬಂದು, ಮುಚ್ಚಿದ ಬಾಗಿಲು ನೋಡಿ ಹೋದವರು ಎಷ್ಟು ಮಂದಿಯೋ. ಅವರಲ್ಲಿ ಒಬ್ಬ ಒಂದು ಸ್ಟಾರ್ ಕೊಟ್ಟು ಹೋಗಿದ್ದ. ಊಟವನ್ನೇ ಮಾಡದವನು ಕೊಟ್ಟ ಸ್ಟಾರ್ ಅದು.

ಆ ಪುಟವನ್ನು ಸರಿ ಮಾಡಿದ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಿರಾಣಿ, ಟೇಲರ್, ಹೋಂಸ್ಟೇ, ಮೋಟಾರ್ ರಿವೈಂಡಿಂಗ್, ನಿಮ್ಮದು ಯಾವ ವ್ಯಾಪಾರವೇ ಆಗಿರಲಿ, ಕ್ರಮ ಇದೇ. ಇದಕ್ಕೆ ದುಡ್ಡು ಬೇಕಿಲ್ಲ. ಒಂದು ಫೋನ್, ಒಂದು ಜಿಮೇಲ್ ಖಾತೆ, ಒಂದು ರಜೆಯ ದಿನ ಸಾಕು.

ಮೊದಲು ಗಿರಾಕಿಯಂತೆ ಹುಡುಕಿ ನೋಡಿ

ತಿದ್ದುವ ಮೊದಲು ಈಗ ಏನಿದೆ ಎಂದು ತಿಳಿಯಬೇಕು. ಬೇರೆಯವರ ಫೋನ್ ತೆಗೆದುಕೊಳ್ಳಿ. ನಿಮ್ಮ ಫೋನಿಗೆ ನಿಮ್ಮ ಅಂಗಡಿಯ ಪರಿಚಯ ಆಗಲೇ ಇರುವುದರಿಂದ ಅದರಲ್ಲಿ ಕಾಣುವುದು ಹೊಸಬರಿಗೂ ಹಾಗೇ ಕಾಣಬೇಕೆಂದಿಲ್ಲ. ಮೊದಲು ಅಂಗಡಿಯ ಹೆಸರಿನಿಂದ ಹುಡುಕಿ. ಆಮೇಲೆ ಹೆಸರೇ ಗೊತ್ತಿಲ್ಲದವರು ಹುಡುಕುವಂತೆ ಹುಡುಕಿ: "ಹತ್ತಿರದ ಖಾನಾವಳಿ", "ಧಾರವಾಡದಲ್ಲಿ ಜೋಳದ ರೊಟ್ಟಿ ಊಟ". ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ. ಖಾನಾವಳಿ ಎಂಬ ಒಂದೇ ಪದವನ್ನು ನಮ್ಮ ಜನ ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. 2014ರ ನವೆಂಬರ್ 1ರಂದು ಹುಬ್ಬಳ್ಳಿ, ಬೆಳಗಾವಿ, ಮೈಸೂರು ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದರೂ ಎಷ್ಟೋ ಜನರ ಬೆರಳು ಇನ್ನೂ ಹಳೆಯದನ್ನೇ ಒತ್ತುತ್ತದೆ. ಎಲ್ಲ ರೂಪದಲ್ಲೂ ಹುಡುಕಿ, ಕಂಡದ್ದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

ಒಂದೇ ಅಂಗಡಿಗೆ ಎರಡು ಪುಟಗಳಿವೆಯೇ ಎಂದು ಮುಖ್ಯವಾಗಿ ನೋಡಿ. ಜಾಗ ಬದಲಿಸಿದ ಅಂಗಡಿಗಳಿಗೆ ಇದು ಸಾಮಾನ್ಯ. ರಿವ್ಯೂಗಳು ಎರಡು ಕಡೆ ಹಂಚಿಹೋಗುತ್ತವೆ, ಗಿರಾಕಿ ಹಳೆಯ ಜಾಗಕ್ಕೆ ಹೋಗುತ್ತಾನೆ. ಹಾಗಿದ್ದರೆ ಹೊಸದಾಗಿ ಮೂರನೆಯದನ್ನು ಮಾಡಬೇಡಿ. ಮ್ಯಾಪ್ಸ್‌ನಲ್ಲಿ ಆ ಪುಟ ತೆರೆದು, ತಿದ್ದುಪಡಿ ಸೂಚಿಸುವ ಆಯ್ಕೆಯಲ್ಲಿ ಅದು ಇನ್ನೊಂದರ ನಕಲು ಎಂದು ತಿಳಿಸಿ.

ಯಾರು ಮೇಲೆ ಬರುತ್ತಾರೆ, ಯಾರು ಕೆಳಗೆ ಎಂಬುದಕ್ಕೆ ಗೂಗಲ್ ತಾನೇ ಹೇಳುವ ಕಾರಣಗಳು ಮೂರು: ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಇರುವ ಹೊಂದಿಕೆ, ಹುಡುಕುವವರಿಂದ ನಿಮಗಿರುವ ದೂರ, ಮತ್ತು ನಿಮ್ಮ ಹೆಸರು ಎಷ್ಟು ಜನರಿಗೆ ಗೊತ್ತು ಎಂಬುದು. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದೆರಡಕ್ಕೆ ಮಾತ್ರ ನಾವು ಶ್ರಮ ಹಾಕಬಹುದು. ದುಡ್ಡು ಕೊಟ್ಟು ಈ ಸ್ಥಾನ ಪಡೆಯುವ ದಾರಿ ಇಲ್ಲ ಎಂದೂ ಗೂಗಲ್ ಸ್ಪಷ್ಟವಾಗಿ ಹೇಳಿದೆ. ಜಾಹೀರಾತು ಬೇರೆ, ಅದರ ಲೆಕ್ಕವೇ ಬೇರೆ.

ಪುಟವನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ

ಗೂಗಲ್ ಬಿಸಿನೆಸ್ ಪ್ರೊಫೈಲ್ ಎನ್ನುವುದು ಇದರ ಹೆಸರು. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಎಂದಿತ್ತು. ಆಗ ಇದ್ದ ಬೇರೆ ಆ್ಯಪ್ ಈಗಿಲ್ಲ. ಗೂಗಲ್ ಹುಡುಕಾಟದಲ್ಲಿ ಅಥವಾ ಮ್ಯಾಪ್ಸ್‌ನಲ್ಲಿಯೇ ಎಲ್ಲ ಕೆಲಸ ಆಗುತ್ತದೆ. ಅಂಗಡಿಯ ಪುಟ ಮ್ಯಾಪ್ಸ್‌ನಲ್ಲಿ ಮೊದಲೇ ಇದ್ದರೆ ಅದರಲ್ಲಿ "ಈ ವ್ಯಾಪಾರ ನಿಮ್ಮದೇ?" ಎಂಬ ಅರ್ಥದ ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಇಲ್ಲದಿದ್ದರೆ ಹೊಸದಾಗಿ ಸೇರಿಸಿ.

ಯಾವ ಜಿಮೇಲ್ ಖಾತೆಯಿಂದ ಮಾಡುತ್ತೀರಿ ಎಂಬ ಬಗ್ಗೆ ಎಚ್ಚರ ಇರಲಿ. ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಖಾತೆಯಲ್ಲಿ ಮಾಡಿ, ಅವನು ಕೆಲಸ ಬಿಟ್ಟ ಮೇಲೆ ಪಾಸ್‌ವರ್ಡ್ ಗೊತ್ತಿಲ್ಲದೆ ಪರದಾಡಿದವರನ್ನು ನಾನು ಕಂಡಿದ್ದೇನೆ. ಅಂಗಡಿಗೇ ಒಂದು ಖಾತೆ ಇರಲಿ, ಅದರ ಫೋನ್ ನಂಬರು ಮಾಲೀಕರದ್ದೇ ಇರಲಿ. ಸಹಾಯ ಮಾಡುವವರನ್ನು ಆಮೇಲೆ ಮ್ಯಾನೇಜರ್ ಎಂದು ಸೇರಿಸಬಹುದು. ಒಡೆತನ ಕೊಡಬೇಡಿ, ಸ್ವಂತ ಅಕ್ಕನ ಮಗನಿಗೂ ಬೇಡ. ಮೌಶಿಯ ಪುಟದಲ್ಲಿ ನಾನೂ ಮ್ಯಾನೇಜರ್ ಮಾತ್ರ.

ಪುಟ ಆಗಲೇ ಬೇರೆ ಯಾರದೋ ಹಿಡಿತದಲ್ಲಿದ್ದರೆ ಒಡೆತನ ಕೋರಿ ಅಲ್ಲಿಂದಲೇ ವಿನಂತಿ ಕಳಿಸಬಹುದು. ಈಗಿನ ಮಾಲೀಕರಿಗೆ ಉತ್ತರಿಸಲು ಮೂರು ದಿನ ಇರುತ್ತದೆ. ಉತ್ತರ ಬರದಿದ್ದರೆ ನೀವೇ ಪುಟವನ್ನು ನಿಮ್ಮದಾಗಿಸಿಕೊಳ್ಳುವ ಅವಕಾಶ ಸಿಗಬಹುದು.

ಇನ್ನು ವೆರಿಫಿಕೇಶನ್, ಅಂದರೆ ಅಂಗಡಿ ನಿಮ್ಮದೇ ಎಂದು ಗೂಗಲ್ ಖಚಿತಪಡಿಸಿಕೊಳ್ಳುವುದು. ಕೆಲವರಿಗೆ ಫೋನ್ ಅಥವಾ ಇಮೇಲ್ ಕೋಡ್ ಬರುತ್ತದೆ, ಕೆಲವರಿಗೆ ವಿಡಿಯೊ ಕೇಳುತ್ತದೆ. ಯಾವುದು ಎಂದು ನಿರ್ಧರಿಸುವುದು ಗೂಗಲ್, ನಾವಲ್ಲ. ಹೆಚ್ಚು ಜನ ಸೋಲುವುದು ವಿಡಿಯೊದಲ್ಲಿ, ಆದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ಮೂರು ಸಂಗತಿ ಕಾಣಬೇಕು: ಅಂಗಡಿ ಇರುವ ಜಾಗ, ಅಂಗಡಿ ನಿಜವಾಗಿ ನಡೆಯುತ್ತಿದೆ ಎಂಬುದು, ಮತ್ತು ಅದನ್ನು ನಡೆಸುವ ಅಧಿಕಾರ ನಿಮಗಿದೆ ಎಂಬುದು. ವಿಡಿಯೊವನ್ನು ಒಂದೇ ಸಲಕ್ಕೆ, ತುಂಡರಿಸದೆ ತೆಗೆಯಬೇಕು. ನಾವು ರಸ್ತೆಯಿಂದ ಶುರು ಮಾಡಿದೆವು. ಓಣಿಯ ತಿರುವು, ಪಕ್ಕದ ಅಂಗಡಿಗಳ ಬೋರ್ಡು, ನಮ್ಮ ಬೋರ್ಡು. ಮೌಶಿ ಕೀಲಿ ತೆಗೆದು ಶಟರ್ ಎತ್ತಿದಳು. ಒಳಗೆ ಊಟದ ಟೇಬಲ್ಲುಗಳು, ಅಡುಗೆಮನೆಯ ಒಲೆ, ರೊಟ್ಟಿ ಬಡಿಯುವ ಕಲ್ಲು, ಗಲ್ಲಾ ಪೆಟ್ಟಿಗೆ, ಗೋಡೆಗೆ ತೂಗುಹಾಕಿದ ಲೈಸೆನ್ಸ್. ಕೀಲಿ ತೆಗೆಯುವುದು, ಗಿರಾಕಿಗಳು ಹೋಗದ ಒಳಕೋಣೆಗೆ ಹೋಗುವುದು, ಇವೇ ಅಧಿಕಾರದ ಪುರಾವೆ. ಮುಖ ತೋರಿಸಬೇಕಿಲ್ಲ. ಬ್ಯಾಂಕ್ ಖಾತೆಯಂಥ ವಿವರ ಕಾಣುವುದೂ ಬೇಡ. ಬೆಳಕಿರುವ ಹೊತ್ತಿನಲ್ಲಿ, ನೆಟ್‌ವರ್ಕ್ ಚೆನ್ನಾಗಿರುವಾಗ ಮಾಡಿ. ಒಮ್ಮೆ ಫೋನ್ ಹಿಡಿಯದೆ ಬರೀ ನಡೆದು ಅಭ್ಯಾಸ ಮಾಡಿಕೊಂಡರೆ ಕೈ ನಡುಗುವುದಿಲ್ಲ.

ಬೋರ್ಡಿನಲ್ಲಿರುವುದೇ ಹೆಸರು

ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರನ್ನಷ್ಟೇ ಬರೆಯಬೇಕು. "ಶ್ರೀ ... ಖಾನಾವಳಿ, ಧಾರವಾಡದ ನಂಬರ್ ಒನ್ ರೊಟ್ಟಿ ಊಟ, ಮನೆಗೆ ಡೆಲಿವರಿ" ಎಂದು ಬರೆಯುವ ಆಸೆ ಆಗುತ್ತದೆ. ಹಾಗೆ ಬರೆದವರು ಕೆಲವು ದಿನ ಮೇಲೆ ಕಾಣುವುದೂ ಉಂಟು. ಆದರೆ ಅದು ನಿಯಮಕ್ಕೆ ವಿರುದ್ಧ. ಪುಟವೇ ಅಮಾನತಾಗಬಹುದು, ಆಗ ವರ್ಷಗಳಿಂದ ಕೂಡಿದ ರಿವ್ಯೂಗಳೊಂದಿಗೆ ಅಂಗಡಿ ಮ್ಯಾಪಿನಿಂದಲೇ ಮಾಯವಾಗುತ್ತದೆ. ಎರಡು ದಿನದ ಲಾಭಕ್ಕೆ ಇಷ್ಟು ದೊಡ್ಡ ಅಪಾಯ ಬೇಡವೇ ಬೇಡ.

ಕರ್ನಾಟಕದಲ್ಲಿ 2024ರ ತಿದ್ದುಪಡಿಯ ನಂತರ ಅಂಗಡಿಯ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು. ಹೊಸ ಬೋರ್ಡು ಬರೆಸುವಾಗಲೇ ಒಂದು ತೀರ್ಮಾನ ಮಾಡಿ: ಕನ್ನಡದಲ್ಲಿ ಹೀಗೆ, ಇಂಗ್ಲಿಷಿನಲ್ಲಿ ಇದೇ ಕಾಗುಣಿತ. ಬೋರ್ಡು, ಬಿಲ್ಲು, ಗೂಗಲ್, ವಾಟ್ಸ್ಆ್ಯಪ್ ಎಲ್ಲ ಕಡೆ ಅದೇ ಇರಲಿ. ಇಂಗ್ಲಿಷಿನ ಹೆಸರುಗಳನ್ನು ತಾನಾಗಿ ಕನ್ನಡ ಲಿಪಿಗೆ ತಂದು ತೋರಿಸುವ ಏರ್ಪಾಡನ್ನು ಗೂಗಲ್ ಮ್ಯಾಪ್ಸ್ 2021ರಲ್ಲಿ ತಂದಿತು. ಒಳ್ಳೆಯ ಸೌಲಭ್ಯ, ಆದರೆ ಯಂತ್ರಕ್ಕೆ ಲ ಮತ್ತು ಳ, ನ ಮತ್ತು ಣ ಯಾವುದೆಂದು ಇಂಗ್ಲಿಷ್ ಅಕ್ಷರ ನೋಡಿ ತಿಳಿಯುವುದು ಕಷ್ಟ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ನಿಮ್ಮ ಅಂಗಡಿಯ ಹೆಸರು ಹೇಗೆ ಕಾಣುತ್ತದೆ ನೋಡಿ. ತಪ್ಪಿದ್ದರೆ ಅಲ್ಲಿಂದಲೇ ತಿದ್ದುಪಡಿ ಸೂಚಿಸಿ. ಅಪ್ಪ ಇಟ್ಟ ಹೆಸರು ಕನ್ನಡದಲ್ಲೇ ತಪ್ಪಾಗಿ ಕಾಣುವುದನ್ನು ಬಿಡಬಾರದು.

ಪಿನ್: ಇಲ್ಲಿ ಆತುರ ಬೇಡ

ನನ್ನನ್ನು ಕೇಳಿದರೆ ಇಡೀ ಪುಟದಲ್ಲಿ ಅತಿ ಮುಖ್ಯವಾದದ್ದು ಇದೇ. ನಮ್ಮ ವಿಳಾಸಗಳು "ಬಸವಣ್ಣನ ಗುಡಿ ಹಿಂದೆ, ಹಳೇ ಗಿರಣಿ ಎದುರು" ಎಂಬ ಬಗೆಯವು. ಊರವರಿಗೆ ಅಷ್ಟು ಸಾಕು, ಹೊರಗಿನಿಂದ ಬಂದವರು ನಂಬುವುದು ಪಿನ್ನನ್ನು. ಮನೆಯಲ್ಲಿ ಕೂತು ಪಿನ್ ಇಡಬೇಡಿ. ಅಂಗಡಿಯ ಬಾಗಿಲ ಮುಂದೆ ನಿಂತು, ಮ್ಯಾಪನ್ನು ಉಪಗ್ರಹ ಚಿತ್ರಕ್ಕೆ ಬದಲಿಸಿ, ಪೂರ್ತಿ ದೊಡ್ಡದು ಮಾಡಿ, ಪಿನ್ನನ್ನು ಕಟ್ಟಡದ ಮೇಲೆ, ಜನ ಒಳಗೆ ಬರುವ ಬದಿಗೆ ಎಳೆದು ಇಡಿ. ಕಟ್ಟಡಕ್ಕೆ ಎರಡೂ ಕಡೆ ಓಣಿ ಇದ್ದರೆ ಪಿನ್ ಯಾವ ಓಣಿಗೆ ಹತ್ತಿರವಿದೆಯೋ ಆ ಓಣಿಗೇ ಮ್ಯಾಪ್ ದಾರಿ ತೋರಿಸಬಹುದು. ಮೌಶಿಯ ಗಿರಾಕಿಗಳು ಹಿಂದಿನ ಓಣಿಗೆ ಹೋಗುತ್ತಿದ್ದದ್ದು ಇದೇ ಕಾರಣಕ್ಕೆ.

ಆಮೇಲೆ ಪರೀಕ್ಷೆ ಮಾಡಿ. ಆ ಕಡೆಗೆ ಎಂದೂ ಬರದ ಗೆಳೆಯನೊಬ್ಬನನ್ನು ಬಸ್ ನಿಲ್ದಾಣದಿಂದ ಮ್ಯಾಪ್ ಹಿಡಿದು ಬರಲು ಹೇಳಿ. ಅವನು ನಿಮಗೆ ಫೋನ್ ಮಾಡದೆ ಬಾಗಿಲಿಗೆ ಬಂದರೆ ಪಿನ್ ಸರಿ ಇದೆ.

ವಿಳಾಸದ ಸಾಲಿನಲ್ಲಿ ಅಂಗಡಿ ಸಂಖ್ಯೆ, ರಸ್ತೆ, ಬಡಾವಣೆ, ಊರು, ಪಿನ್‌ಕೋಡ್ ಸರಿಯಾಗಿ ಬರೆಯಿರಿ. ಗುರುತಿನ ಜಾಗಗಳನ್ನು ವಿವರಣೆಯಲ್ಲಿ ಹೇಳಬಹುದು. ಮನೆ ನಂಬರೇ ಇಲ್ಲದ ಹಳ್ಳಿಯಲ್ಲಿ, ತೋಟದ ನಡುವಿನ ಹೋಂಸ್ಟೇಯಲ್ಲಿ ಪ್ಲಸ್ ಕೋಡ್ ಬಹಳ ಉಪಯೋಗಕ್ಕೆ ಬರುತ್ತದೆ. ಮ್ಯಾಪ್ಸ್‌ನಲ್ಲಿ ಪುಟ ತೆರೆದರೆ ಅಕ್ಷರ, ಅಂಕಿ, ಕೂಡಿಸುವ ಚಿಹ್ನೆ ಇರುವ ಸಣ್ಣ ಕೋಡ್ ಕಾಣುತ್ತದೆ. ಅದನ್ನು ಊರಿನ ಹೆಸರಿನೊಂದಿಗೆ ವಿಸಿಟಿಂಗ್ ಕಾರ್ಡಿನ ಮೇಲೂ ಅಚ್ಚು ಮಾಡಿಸಿ.

ಗಿರಾಕಿ ನಿಮ್ಮಲ್ಲಿಗೆ ಬರುವುದಿಲ್ಲ, ನೀವೇ ಅವರಲ್ಲಿಗೆ ಹೋಗುತ್ತೀರಿ ಎಂದಾದರೆ, ಉದಾಹರಣೆಗೆ ಎಲೆಕ್ಟ್ರಿಷಿಯನ್, ಪ್ಲಂಬರ್, ಮದುವೆ ಅಡುಗೆಯವರು, ಮನೆಯ ವಿಳಾಸವನ್ನು ಮರೆಮಾಡಿ, ಸೇವೆ ಕೊಡುವ ಊರು ಬಡಾವಣೆಗಳನ್ನು ಸೇರಿಸಿ. 20ರವರೆಗೆ ಸೇರಿಸಬಹುದು. ನಿಜವಾಗಿ ಹೋಗುವ ಜಾಗಗಳನ್ನಷ್ಟೇ ಹಾಕಿ.

ವರ್ಗ ಮತ್ತು ವಿವರಣೆ

ಮುಖ್ಯ ವರ್ಗ ಒಂದೇ ಇರುತ್ತದೆ, ಅದರ ಜೊತೆಗೆ ಇನ್ನೂ ಒಂಬತ್ತನ್ನು ಸೇರಿಸಬಹುದು. ಗೂಗಲ್ ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು, ನಮ್ಮ ಮಾತಿನಲ್ಲಿ ಬರೆಯಲಾಗುವುದಿಲ್ಲ. ನಿಮ್ಮ ಹೆಚ್ಚಿನ ವ್ಯಾಪಾರ ಯಾವುದರಿಂದ ನಡೆಯುತ್ತದೋ ಅದಕ್ಕೆ ಅತಿ ಹತ್ತಿರವಾದದ್ದನ್ನು ಮುಖ್ಯ ಮಾಡಿ. ಬರೀ "ರೆಸ್ಟೊರೆಂಟ್" ಎಂದಿದ್ದದ್ದನ್ನು ನಾವು ಸಸ್ಯಾಹಾರಿ ರೆಸ್ಟೊರೆಂಟ್‌ಗೆ ಬದಲಿಸಿ, ದಕ್ಷಿಣ ಭಾರತೀಯ ರೆಸ್ಟೊರೆಂಟ್ ಎಂಬುದನ್ನು ಎರಡನೆಯದಾಗಿ ಸೇರಿಸಿದೆವು. ಒಂಬತ್ತನ್ನೂ ತುಂಬಬೇಕೆಂಬ ಹಟ ಬೇಡ. ಬಟ್ಟೆ ಹೊಲಿಯುವವರು ಬಟ್ಟೆ ಮಾರುವ ಅಂಗಡಿಯೆಂದೂ ಹಾಕಿಕೊಂಡರೆ ಸೀರೆ ಕೇಳಿಕೊಂಡು ಬಂದವರನ್ನು ವಾಪಸು ಕಳಿಸಬೇಕಾಗುತ್ತದೆ.

ವಿವರಣೆಗೆ 750 ಅಕ್ಷರಗಳ ಮಿತಿ. ಫೋನ್ ನಂಬರು, ವೆಬ್‌ಸೈಟ್ ಕೊಂಡಿ ಅಲ್ಲಿ ಹಾಕಬೇಡಿ, ಅವಕ್ಕೆ ಬೇರೆ ಜಾಗ ಇದೆ. ಗಿರಾಕಿಗಳು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಒಂದು ವಾರ ಬರೆದಿಟ್ಟುಕೊಳ್ಳಿ, ಅವಕ್ಕೆ ಉತ್ತರವೇ ವಿವರಣೆ. ಮೌಶಿಗೆ ಬರುತ್ತಿದ್ದ ಪ್ರಶ್ನೆಗಳು: ರೊಟ್ಟಿ ಎಷ್ಟು ಕೊಡುತ್ತೀರಿ, ತಿಂಗಳ ಊಟ ಉಂಟೇ, ಡಬ್ಬಿ ಕಟ್ಟಿಕೊಡುತ್ತೀರಾ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಸಿಗುತ್ತದೆಯೇ. ಈ ನಾಲ್ಕಕ್ಕೂ ಉತ್ತರ ಬರೆದೆವು, ಮೊದಲು ಕನ್ನಡದಲ್ಲಿ, ಕೆಳಗೆ ಎರಡು ಸಾಲು ಇಂಗ್ಲಿಷಿನಲ್ಲಿ. ಮೆನುವನ್ನು ಬೆಲೆಯೊಂದಿಗೆ ಮೆನುವಿನ ಜಾಗದಲ್ಲೇ ಹಾಕಿ. ಬೆಲೆ ಏರಿಸಿದ ದಿನವೇ ಅಲ್ಲೂ ತಿದ್ದಿ, ಇಲ್ಲದಿದ್ದರೆ ಗಲ್ಲಾ ಮುಂದೆ ಜಗಳ ಆಗುತ್ತದೆ.

ಸಮಯ

ಒಂದು ದಿನಕ್ಕೆ ಎರಡು ಹೊತ್ತಿನ ಸಮಯ ಹಾಕಲು ಅವಕಾಶವಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 12ರಿಂದ 3.30, ಮತ್ತೆ 7.30ರಿಂದ 10 ಎಂದು ಎರಡು ಸಾಲಾಗಿ ಹಾಕಿ. ಹಬ್ಬಗಳಿಗೆ ವಿಶೇಷ ಸಮಯ ಎಂಬ ಬೇರೆ ಜಾಗವಿದೆ. ಯುಗಾದಿ, ಬಸವ ಜಯಂತಿ, ಗಣೇಶ ಚೌತಿ, ದಸರಾ, ದೀಪಾವಳಿ, ಊರ ಜಾತ್ರೆ, ಮನೆಯ ಮದುವೆ, ಯಾವ ಯಾವ ದಿನ ಬಾಗಿಲು ಹಾಕುತ್ತೀರಿ ಎಂಬುದನ್ನು ಪಂಚಾಂಗ ಇಟ್ಟುಕೊಂಡು ವರ್ಷದ ಆರಂಭದಲ್ಲೇ ತುಂಬಿಬಿಡಬಹುದು. ಕೆಲವು ದಿನ ಪೂರ್ತಿ ಮುಚ್ಚುವುದಾದರೆ ತಾತ್ಕಾಲಿಕವಾಗಿ ಮುಚ್ಚಿದೆ ಎಂದು ಹಾಕಿ, ತೆರೆದ ದಿನ ಮರೆಯದೆ ಅದನ್ನು ತೆಗೆಯಿರಿ. ಯಾವಾಗಲೂ ತೆರೆದಿದೆ ಎಂದು 24 ಗಂಟೆ ಹಾಕಿದರೆ ಹೆಚ್ಚು ಜನರಿಗೆ ಕಾಣುತ್ತೇವೆ ಎಂಬ ಸಲಹೆ ಕೊಡುವವರಿದ್ದಾರೆ. ಹಸಿದವರನ್ನು ಮುಚ್ಚಿದ ಬಾಗಿಲಿಗೆ ಕರೆಸುವುದು ಅನ್ಯಾಯ, ಅದನ್ನು ಮಾಡಬೇಡಿ.

ಫೋಟೊ

ಬೇರೆ ಕಡೆಯ ಚೆಂದದ ಚಿತ್ರಗಳನ್ನು ತಂದು ಹಾಕಬೇಡಿ. ನಿಮ್ಮದೇ ಫೋಟೊ ಬೇಕು, ನಿಮ್ಮದೇ ಬೆಳಕಿನಲ್ಲಿ. ಜೆಪಿಜಿ ಅಥವಾ ಪಿಎನ್‌ಜಿ, 5 ಎಂಬಿ ಒಳಗೆ, ಅಳತೆ ಕನಿಷ್ಠ 720ಕ್ಕೆ 720 ಪಿಕ್ಸೆಲ್ ಇದ್ದರೆ ಒಳ್ಳೆಯದು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಕುಗ್ಗಿ ಮಸುಕಾಗಿರುತ್ತದೆ, ತೆಗೆದ ಫೋನಿನಿಂದಲೇ ನೇರವಾಗಿ ಏರಿಸಿ.

ಮೊದಲ ಫೋಟೊ ರಸ್ತೆಯ ಆ ಬದಿಯಿಂದ ಅಂಗಡಿ ಹೇಗೆ ಕಾಣುತ್ತದೋ ಹಾಗೆ ಇರಲಿ, ಪಕ್ಕದ ಅಂಗಡಿಗಳೂ ಸೇರಿ. ಗಾಡಿ ಓಡಿಸುತ್ತ ಬರುವವರು ಗುರುತಿಸುವುದು ಅದನ್ನೇ. ನಂತರ ಒಳಗಿನ ಜಾಗ, ಕೈ ತೊಳೆಯುವ ಜಾಗ, ಗಾಡಿ ನಿಲ್ಲಿಸುವ ಜಾಗ. ಊಟದ ತಟ್ಟೆಯನ್ನು ಕಿಟಕಿಯ ಬಳಿ ಹಗಲ ಬೆಳಕಿನಲ್ಲಿ ತೆಗೆಯಿರಿ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಎಂಥ ಎಣ್ಣೆಗಾಯಿಯೂ ಕಪ್ಪಾಗಿ ಕಾಣುತ್ತದೆ. ರೊಟ್ಟಿ ಬಡಿಯುವ ಕೈಗಳ ಇಪ್ಪತ್ತು ಸೆಕೆಂಡಿನ ವಿಡಿಯೊ ಹಾಕಿದೆವು (30 ಸೆಕೆಂಡಿನವರೆಗೆ ಹಾಕಬಹುದು). ಖಾನಾವಳಿಗೆ ಬಂದ ಹೊಸ ಹುಡುಗರು ಅದನ್ನು ನೋಡಿಯೇ ಬಂದೆವು ಅಂದಾಗ ರೊಟ್ಟಿ ಬಡಿಯುವ ಅಕ್ಕನ ಮುಖದಲ್ಲಿ ಕಂಡ ಸಂತೋಷ ನನಗೆ ಇನ್ನೂ ನೆನಪಿದೆ.

ರಿವ್ಯೂ: ಕೇಳಿ, ಕೊಳ್ಳಬೇಡಿ

ನಿಯಮ ಸರಳ. ಊಟ ಮಾಡಿದವರನ್ನು ರಿವ್ಯೂ ಬರೆಯಿರಿ ಎಂದು ಕೇಳಬಹುದು. ಬರೆದರೆ ಒಂದು ಮಜ್ಜಿಗೆ ಪುಕ್ಕಟೆ, ಹತ್ತು ರೂಪಾಯಿ ಕಡಿತ ಎನ್ನುವಂತಿಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದು, ಸಿಟ್ಟಾದವರನ್ನು ತಡೆಯುವುದು ಕೂಡ ನಿಷಿದ್ಧ. ದುಡ್ಡಿಗೆ ಐದು ಸ್ಟಾರಿನ ನೂರು ರಿವ್ಯೂ ಕೊಡಿಸುತ್ತೇವೆ ಎನ್ನುವವರಿಂದ ದೂರ ಇರಿ. ಅಂಥ ರಿವ್ಯೂಗಳು ಅಳಿಸಿಹೋಗುತ್ತವೆ, ಜೊತೆಗೆ ನಿಮ್ಮ ಪುಟಕ್ಕೂ ತೊಂದರೆ.

ನಿಮ್ಮ ಪುಟದಲ್ಲಿ ರಿವ್ಯೂ ಕೇಳುವ ಕೊಂಡಿ ಮತ್ತು ಕ್ಯೂಆರ್ ಕೋಡ್ ಸಿಗುತ್ತದೆ. ದುಡ್ಡು ಕೊಡುವ ಕ್ಯೂಆರ್ ಪಕ್ಕದಲ್ಲಿಯೇ ಇಟ್ಟರೆ ಜನ ಗಲಿಬಿಲಿಗೊಳ್ಳುತ್ತಾರೆ. ನಾವು ಕೈ ತೊಳೆಯುವ ಬೇಸಿನ್ ಮೇಲಿನ ಗೋಡೆಗೆ ಅಂಟಿಸಿದೆವು, "ಊಟ ಹೆಂಗಿತ್ತು? ಇದ್ದದ್ದು ಇದ್ದಂಗ ಬರೀರಿ" ಎಂಬ ಒಂದು ಸಾಲಿನೊಂದಿಗೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಬರೆಯುತ್ತಾರೆ, ಏನು ತಿಂದೆವು ಎಂಬುದನ್ನೂ ಬರೆಯುತ್ತಾರೆ. "ಸೂಪರ್" ಎಂಬ ಒಂದು ಪದಕ್ಕಿಂತ "ಶೇಂಗಾ ಚಟ್ನಿ, ಗಟ್ಟಿ ಮೊಸರು ಮನೆಯ ಹಾಗಿತ್ತು" ಎಂಬುದು ಮುಂದೆ ಓದುವವರಿಗೆ ಹೆಚ್ಚು ಹೇಳುತ್ತದೆ.

ಪ್ರತಿಯೊಂದಕ್ಕೂ ಉತ್ತರ ಬರೆಯಿರಿ, ಆದರೆ ಎಲ್ಲಕ್ಕೂ ಒಂದೇ ವಾಕ್ಯ ಅಂಟಿಸಬೇಡಿ. ಬೈದು ಬರೆದವರಿಗೆ ಆ ಕ್ಷಣವೇ ಉತ್ತರಿಸಬೇಡಿ, ಒಂದು ರಾತ್ರಿ ಕಳೆಯಲಿ. ಮುಚ್ಚಿದ ಬಾಗಿಲು ನೋಡಿ ಒಂದು ಸ್ಟಾರ್ ಕೊಟ್ಟಿದ್ದವನಿಗೆ ಮೌಶಿ ಹೇಳಿದ್ದನ್ನೇ ಬರೆದೆ: "ಹಸಿದು ಬಂದ ನಿಮಗೆ ತೊಂದರೆಯಾದದ್ದಕ್ಕೆ ಕ್ಷಮಿಸಿರಿ. ನಮ್ಮ ಸಮಯ ಇಲ್ಲಿ ತಪ್ಪಿತ್ತು, ಈಗ ಸರಿ ಮಾಡಿದ್ದೇವೆ. ಮಧ್ಯಾಹ್ನ 12ರಿಂದ 3.30ರೊಳಗೆ ಒಮ್ಮೆ ಬರ್ರಿ." ಆ ಉತ್ತರ ಅವನಿಗಷ್ಟೇ ಅಲ್ಲ, ಮುಂದೆ ಆ ಪುಟ ಓದುವ ಎಲ್ಲರಿಗೂ. ಕೆಟ್ಟ ರಿವ್ಯೂ ಎಂಬ ಕಾರಣಕ್ಕೆ ಅದನ್ನು ತೆಗೆಸಲಾಗದು. ಬೈಗುಳ, ಜಾತಿ ನಿಂದನೆ, ನಿಮ್ಮ ಅಂಗಡಿಗೆ ಸಂಬಂಧವೇ ಇಲ್ಲದ ಮಾತು, ಸುಳ್ಳು ಖಾತೆ ಇಂಥವಿದ್ದರೆ ಮಾತ್ರ ವರದಿ ಮಾಡಿ.

ಬೇರೆ ಕಡೆಗಳಲ್ಲೂ ಅದೇ ವಿವರ

ಜಸ್ಟ್‌ಡಯಲ್, ಬಿಂಗ್ ಪ್ಲೇಸಸ್, ಆ್ಯಪಲ್ ಮ್ಯಾಪ್ಸ್, ಫೇಸ್‌ಬುಕ್, ಊಟದ ಆ್ಯಪ್‌ಗಳು, ಎಲ್ಲೆಲ್ಲಿ ನಿಮ್ಮ ಹೆಸರಿದೆಯೋ ಅಲ್ಲೆಲ್ಲ ಹೆಸರು, ವಿಳಾಸ, ಫೋನ್ ಒಂದೇ ಇರಲಿ. ಒಂದು ಮಧ್ಯಾಹ್ನದ ಕೆಲಸ, ಅಷ್ಟೇ. 2024ರ ಮಾರ್ಚ್‌ವರೆಗೆ ಗೂಗಲ್ ಪ್ರೊಫೈಲ್‌ನಿಂದಲೇ ಪುಕ್ಕಟೆ ವೆಬ್‌ಸೈಟ್ ಮಾಡಿಕೊಂಡಿದ್ದವರು ಗಮನಿಸಿ, ಆ ಸೌಲಭ್ಯ ನಿಂತಿದೆ. ಬೋರ್ಡು, ಕಾರ್ಡುಗಳ ಮೇಲೆ ಆ ವಿಳಾಸ ಇನ್ನೂ ಇದ್ದರೆ ತೆಗೆಸಿ.

ದುಡ್ಡು ಕೇಳುವ ಕರೆಗಳು

ಪುಟ ವೆರಿಫೈ ಆದ ಮೇಲೆ ಮೌಶಿಗೆ ಒಂದು ಕರೆ ಬಂತು. ತಾನು ಗೂಗಲ್‌ನವನೆಂದು ಹೇಳಿಕೊಂಡ ಯಾರೋ, ಇವತ್ತು ದುಡ್ಡು ಕಟ್ಟದಿದ್ದರೆ ಖಾನಾವಳಿಯ ಹೆಸರು ಮ್ಯಾಪಿನಿಂದ ಹೋಗುತ್ತದೆ ಎಂದು ಹೆದರಿಸಿದ. ಆಕೆ ಹೆದರಿದ್ದು ನಿಜ, ಪುಣ್ಯಕ್ಕೆ ನನಗೆ ಫೋನ್ ಮಾಡಿದಳು. ಈ ಪುಟಕ್ಕೆ ಶುಲ್ಕವೇ ಇಲ್ಲ. ಫೋನಿಗೆ ಬಂದ ವೆರಿಫಿಕೇಶನ್ ಕೋಡನ್ನು ಕರೆ ಮಾಡಿದವರಿಗೆ ಓದಿ ಹೇಳುವುದೂ ಬೇಡ, ಅದರಿಂದ ಪುಟ ಬೇರೆಯವರ ಕೈಗೆ ಹೋಗಬಹುದು. ಅಂಗಡಿಯಲ್ಲಿ ಫೋನ್ ಎತ್ತುವ ಎಲ್ಲರಿಗೂ ಇದನ್ನು ಹೇಳಿಡಿ.

ತಿಂಗಳಿಗೊಮ್ಮೆ ಹತ್ತು ನಿಮಿಷ

ನಿಮ್ಮ ಖಾತೆಯಲ್ಲಿರುವಾಗ ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿದರೆ ಪರ್ಫಾರ್ಮೆನ್ಸ್ ಎಂಬ ಆಯ್ಕೆ ಕಾಣುತ್ತದೆ. ಎಷ್ಟು ಜನ ನೋಡಿದರು ಎಂಬ ದೊಡ್ಡ ಅಂಕಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ದಾರಿ ಕೇಳಿದವರೆಷ್ಟು, ಫೋನ್ ಮಾಡಿದವರೆಷ್ಟು, ಯಾವ ಪದ ಹುಡುಕಿ ನಿಮ್ಮಲ್ಲಿಗೆ ಬಂದರು, ಈ ಮೂರನ್ನು ನೋಡಿ. ಹುಡುಕಿದ ಪದಗಳ ಪಟ್ಟಿಯಲ್ಲಿ ನೀವು ಯೋಚಿಸಿರದ ಸಂಗತಿ ಇರುತ್ತದೆ. ನಮ್ಮ ಪಟ್ಟಿಯಲ್ಲಿ ತಿಂಗಳ ಊಟಕ್ಕೆ ಸಂಬಂಧಿಸಿದ ಹುಡುಕಾಟ ಹೆಚ್ಚು ಕಂಡಿತು, ಆಗ ಅದರ ದರವನ್ನು ಮೆನುವಿನ ಮೊದಲ ಸಾಲಿಗೆ ತಂದೆವು.

ಅದೇ ಹೊತ್ತಿಗೆ ಹೆಸರು, ಪಿನ್, ಫೋನ್, ಸಮಯ ಇವನ್ನೂ ಒಮ್ಮೆ ನೋಡಿ. ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದಾದ್ದರಿಂದ ನಿಮಗೆ ತಿಳಿಯದೆ ವಿವರ ಬದಲಾಗಿರುವುದು ಉಂಟು. ತಿದ್ದಿದ್ದು ಎಲ್ಲರಿಗೂ ಕಾಣಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಅದಕ್ಕೇ ಹಬ್ಬದ ಹಿಂದಿನ ರಾತ್ರಿಯವರೆಗೆ ಕಾಯಬೇಡಿ.

ಮೌಶಿ ಈಗ ನನಗೆ ನಾಲ್ಕು ದಿನ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಕಳಿಸುತ್ತಾಳೆ: "ಬರೋ ಸೋಮವಾರ ಅಮಾಸಿ ಐತಿ, ರಾತ್ರಿ ಊಟ ಇಲ್ಲ. ಅದರಾಗ ಹಾಕಿಬಿಡಪಾ, ಹುಡುಗೂರು ಸುಮ್ನ ನಡಕೊಂಡು ಬರತಾವ."